ಬಿಸಿಲಿಗೆ ಹಾಕಿದ ಮದುವೆಗಳು

ಮಾರ್ಚ್ 3, 2025, ಸೋಮವಾರ. ಮಸ್ಕಿ

ಇವತ್ತೂ ಫೈಲುಗಳನ್ನು ಬಿಸಿಲಿಗೆ ಹಾಕಿದೆ. ಡಿ ಡ್ರೈವಿನಲ್ಲಿದ್ದ ಮದುವೆಗಳನ್ನೆಲ್ಲ ಇ ಡ್ರೈವಿಗೆ ಕಾಪಿ ಹೊಡೆದು, ಒಂದೊಂದನ್ನೂ ತೆರೆದು ನೋಡಿ, ಡಿ ಯಲ್ಲಿದ್ದುದನ್ನು ಅಳಿಸಿದೆ. ಬರುವ ಸೋಮವಾರ ಇ ಯಿಂದ ಡಿ ಗೆ. ಮುದಗಲ್ಲಿನಲ್ಲಿ ನಮ್ಮವ್ವ ತೊಗರಿ, ಕಡಲೆ ಎಲ್ಲ ಹೀಗೇ ಮಾಳಿಗೆ ಮೇಲೆ ಹರವಿ ತಿರುವಿ ಹಾಕುತ್ತಿದ್ದಳು. ತಿರುವದಿದ್ದರೆ ಹುಳ ಬೀಳುತ್ತದೆ. ಲ್ಯಾಪ್‌ಟಾಪಿನಲ್ಲಿ ಹುಳ ಬೀಳುವುದಿಲ್ಲ ಎಂದು ನನಗೂ ಗೊತ್ತು. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಮತ್ತೆ ಹೋಗಿ, ಮತ್ತೆ ಬಿಟ್ಟವಳು ನಾನು. ಆದರೂ ಅಷ್ಟು ದಡ್ಡಿಯಲ್ಲ. ಆದರೆ ಮೂರು ವರ್ಷದ ಹಿಂದೆ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಈ ಎಸ್‌ಎಸ್‌ಡಿ ಹಾಕಿಕೊಟ್ಟ ಲಿಂಗಸೂಗೂರಿನ ಹುಡುಗಿ, "ಇದನ್ನ ಭಾಳ ದಿನ ಕರೆಂಟ್ ಇಲ್ದಂಗ ಮೂಲ್ಯಾಗ ಇಟ್ಟೀರಿ ಅಂದ್ರ ಒಳಗಿಂದು ಮರತು ಬಿಡತೈತಿ" ಅಂದಿದ್ದಳು. ಆ ಮಾತು ನನ್ನ ಹೊಟ್ಟೆಯಲ್ಲಿ ಹೋಗಿ ಕೂತಿದೆ. ಹಳೆಯ ಡಿಸ್ಕು ಗಿರಗಿರ ತಿರುಗುತ್ತಿತ್ತು, ಬದುಕಿದೆಯೋ ಸತ್ತಿದೆಯೋ ಕಿವಿಗೆ ಗೊತ್ತಾಗುತ್ತಿತ್ತು. ಇದು ಉದ್ದ ಬಿಸ್ಕೀಟಿನಂಥ ಒಂದು ಚೂರು. ಸದ್ದಿಲ್ಲ, ಸುದ್ದಿಯಿಲ್ಲ. ಇಂಥದನ್ನು ಹೇಗೆ ನಂಬುವುದು?

ಮೊದಲು ಈ ಕೆಲಸ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಇವತ್ತು ಬಿಸಿಲು ಅಂಗಳ ದಾಟಿ ಹೋದರೂ ಕಾಪಿಯ ಹಸಿರು ಪಟ್ಟಿ ಅರ್ಧಕ್ಕೇ ನಿಂತಿತ್ತು.

ಡ್ರೈವ್ ಹೋದರೆ ನನ್ನ ಕುರ್ಚಿ ಹೋಗುತ್ತದೆ. ಅದೇ ಹೆದರಿಕೆ. ನಮ್ಮವರು, ಶಿವಕಾಂತ, ಮದುವೆ ವಿಡಿಯೋ ಹೊಡೆಯುತ್ತಾರೆ. ಅದನ್ನು ಕೂಡಿಸಿ, ಕತ್ತರಿಸಿ, ಹಾಡು ಹಾಕಿ ಮಿಕ್ಸಿಂಗ್ ಮಾಡುವವಳು ನಾನು. ಅದಕ್ಕೂ ಮೊದಲು ಅತ್ತೆ ಅಂಬಮ್ಮನ ಜೊತೆ ಒಲೆ ಮುಂದೆ ಕೂತು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಬಲಗೈ ಮೇಲಿನ ಸುಟ್ಟ ಕಲೆಗಳು ಆಗಿನವು. ಅತ್ತೆ ಇವತ್ತೂ ಶುರು ಮಾಡಿದರು: "ಮಿಕ್ಸಿಂಗ್ ಸಿಂಧನೂರಾಗ ಆನಂದಕುಮಾರನ ಸ್ಟುಡಿಯೋಕ ಕೊಡಪಾ ಶಿವಕಾಂತ. ಈಕಿ ಇತ್ಲಾಗ ಬರ್ಲಿ. ಕುಂತು ಕುಂತು ಕೈ ಬೆಣ್ಣಿ ಆಗ್ಯಾವ."

ನಮ್ಮವರು ಕ್ಯಾಮೆರಾದ ಗಾಜು ಒರೆಸುತ್ತಲೇ ಇದ್ದರು. ಬೇಡ ಅನ್ನಲಿಲ್ಲವಲ್ಲ, ಅದೇ ನನಗೆ ಹೆಚ್ಚು ಭಯ.

ಮಾರ್ಚ್ 7

ನಿಧಾನ. ಎಲ್ಲ ನಿಧಾನ. ಒಂದು ಅಕ್ಕಿಕಾಳು ಹಾಕುವ ದೃಶ್ಯ ಕತ್ತರಿಸುವುದರೊಳಗೆ ಕೈಯಲ್ಲಿನ ಚಹ ಆರಿ ಕೆನೆ ಕಟ್ಟಿತು. ಇರುವೆ ಹೊಕ್ಕಿರಬಹುದೆಂದು ಲ್ಯಾಪ್‌ಟಾಪನ್ನು ಬೋರಲು ಹಾಕಿ ಬಡಿದೆ. ವೋಲ್ಟೇಜ್ ಇರಬಹುದೆಂದು ಫ್ರಿಜ್ಜಿನ ಸ್ಟೆಬಿಲೈಸರ್ ಕಿತ್ತು ಇದಕ್ಕೆ ಹಾಕಿದೆ. ಬಿಸಿಲಿಗೆ ಇರಬಹುದೆಂದು ಒದ್ದೆ ಟವೆಲ್ಲು ಮಡಚಿ ಕೆಳಗಿಟ್ಟೆ, ಆಮೇಲೆ ನೀರು ಒಳಗೆ ಹೋದೀತೆಂದು ತೆಗೆದೆ. ಎದುರುಮನೆಯವಳ ಕಣ್ಣೂ ಇರಬಹುದು. ಹೋದ ವಾರ ಬಂದು "ಎಷ್ಟ್ ಪಸಂದ ಓಡತೈತ್ ನೋಡ ಇದು" ಅಂದಿದ್ದಳು. ಯಾಕೆ ಅನ್ನಬೇಕಿತ್ತು?

ಇನ್ನು ಮೇಲೆ ಗುರುವಾರವೂ ಫೈಲು ತಿರುವಬೇಕು.

ಡ್ರೈವ್ ತುಂಬಿದೆ, ನಿಜ. ಯಾವುದನ್ನು ಅಳಿಸಲಿ? ಮದುವೆ ಮುಗಿದು ವರ್ಷವಾದ ಮೇಲೆ ಬೀಗರು ಜಗಳವಾಡುತ್ತಾರೆ. ಯಾರು ಆಯೇರದ ಸೀರೆ ಕೊಟ್ಟರು, ಯಾರು ಕೊಡದೆ ಕೈ ಬೀಸಿಕೊಂಡು ಉಂಡು ಹೋದರು, ಯಾರ ಚಿಗಪ್ಪನನ್ನು ಸ್ಟೇಜಿಗೆ ಕರೆಯಲಿಲ್ಲ ಎಂದು. ಆಗ ಓಡಿ ಬರುವುದು ನಮ್ಮ ಮನೆಗೆ. "ಕತ್ತರಿಸಿದ್ದು ಬ್ಯಾಡ, ಹಸೀದು ತೋರ್ಸು" ಅನ್ನುತ್ತಾರೆ. ತೋರಿಸದಿದ್ದರೆ ನಾವೇ ಬೀಗರ ಕಡೆಯವರಾಗುತ್ತೇವೆ. ಹಾಗಾಗಿ ಮೂರು ವರ್ಷದ ಅಷ್ಟೂ ಮದುವೆಗಳು ಹಸಿಯಾಗಿ ಇದರಲ್ಲೇ ಇವೆ.

ಮಾರ್ಚ್ 12

ಆನಂದಕುಮಾರ ಬಂದಿದ್ದ. ಕರೆಯದೆ ಬರುವ ಮನುಷ್ಯನಲ್ಲ. ಸಿಂಧನೂರಿನಲ್ಲಿ ಎರಡು ಮಹಡಿಯ ಸ್ಟುಡಿಯೋ, ನಮ್ಮ ವಿಡಿಯೋದವರ ವಾಟ್ಸಾಪ್ ಗುಂಪಿಗೂ ಅವನೇ ಯಜಮಾನ. ನನ್ನ ಹಿಂದೆ ನಿಂತು ಲ್ಯಾಪ್‌ಟಾಪ್ ಒದ್ದಾಡುವುದನ್ನು ನೋಡಿದ. ಅವನ ಸೆಂಟಿನ ವಾಸನೆಗೆ ತಲೆ ತಿರುಗಿತು.

"ತಂಗೀ, ಇದನ್ನ ಯಾರ ಕಡೆ ಹಾಕ್ಸೀರಿ?"

"ಲಿಂಗಸೂಗೂರಾಗ. ಶಾಮೀದಸಾಬನ ಮಗಳು."

"ವಸೀಮಾ? ನಡುವ ಎಂದರ ಆಕಿ ಅಂಗಡ್ಯಾಗ ಬಿಟ್ಟು ಬಂದಿದ್ರೇನು?"

ದೀಪಾವಳಿ ಮುಂದೆ ಲ್ಯಾಪ್‌ಟಾಪಿನ ಒಳಗಿನ ಫ್ಯಾನ್ ಸ್ವಚ್ಛ ಮಾಡಿಸಲು ಒಂದು ದಿನ ಬಿಟ್ಟಿದ್ದೆವು. ಹೇಳಿದೆ. ಆನಂದಕುಮಾರ ನಮ್ಮವರ ಕಡೆ ನೋಡಿ ನಕ್ಕ. "ಮುಗೀತಲ್ಲ. ಒಳ್ಳೇದು ತಗದು ಹಳೇದು ತುರುಕ್ಯಾಳ. ಎಸ್‌ಎಸ್‌ಡಿ ಅಂದ್ರ ಹತ್ತು ವರ್ಷ ಕುದುರಿ ಓಡಿದಂಗ ಓಡಬೇಕು. ಮೂರ ವರ್ಷಕ್ಕ ಹಿಂಗ ಯಾಕ ಕುಂಟತೈತಿ? ಮಿಕ್ಸಿಂಗ್ ನನಗರ ಕೊಡ್ರಪಾ, ಇಲ್ಲಾಂದ್ರ ಚೊಲೋ ಮಷಿನ್ ಇಟ್ಗೊಳ್ರಿ."

ಅವನನ್ನು ಕಂಡರೆ ನನಗಾಗುವುದಿಲ್ಲ. ಆದರೆ ಅವನು ಹೋದ ಮೇಲೆ ಮೈ ಹಗುರಾಯಿತು. ಬದಲಿಸಿದ್ದಾಳೆ! ಹಾಗಾದರೆ ಇದರಲ್ಲಿ ನನ್ನದೇನೂ ಇಲ್ಲ. ಎಷ್ಟು ದಿನದಿಂದ ಇರುವೆ, ಟವೆಲ್ಲು, ಎದುರುಮನೆಯವಳು ಎಂದು ಒದ್ದಾಡಿದೆನಲ್ಲ.

ಆ ಹುಡುಗಿಯ ಮುಖದಲ್ಲೇ ಒಂದು ಥರ ಇದೆ. ನಾನು ಏನು ಕೇಳಿದರೂ ತುಟಿಯ ಒಂದು ಮೂಲೆಯಲ್ಲಿ ನಗುತ್ತಾಳೆ.

ಮಾರ್ಚ್ 18

ಸಿಂಧನೂರಿನ ಅಕ್ಕಿ ಗಿರಣಿ ಹಂಪಣ್ಣನ ಮಗಳ ಮದುವೆ ಮುಗಿಯಿತು. ನಮ್ಮವರು ಜೀವಮಾನದಲ್ಲಿ ಹೊಡೆದ ಎಲ್ಲಕ್ಕಿಂತ ದೊಡ್ಡದು. ಡ್ರೋನ್ ಇತ್ತು, ಕ್ರೇನ್ ಇತ್ತು. ಹಂಪಣ್ಣ ಎಂಥ ಮನುಷ್ಯ ಎಂದರೆ, ಊಟದ ಪಂಕ್ತಿಯಲ್ಲಿ ಹೋಳಿಗೆ ತಡವಾದದ್ದಕ್ಕೆ ಅಡಿಗೆಯವನ ಸೌಟು ಕಸಿದು ಅವನ ಮೇಲೇ ಎಸೆದನಂತೆ. ನಮ್ಮವರು ಅದನ್ನೂ ಹೊಡೆದು ತಂದಿದ್ದಾರೆ, ಹಾಕಬೇಕೋ ತೆಗೆಯಬೇಕೋ ತಿಳಿಯದು.

ಲ್ಯಾಪ್‌ಟಾಪಿಗೆ ಇಳಿಸಲು ಜಾಗವಿರಲಿಲ್ಲ. ಹಳೆಯ ಹಾಡು, ಫೋಟೋ ಅಳಿಸಿ ಅಳಿಸಿ ಜಾಗ ಮಾಡಿದೆ. ಇಳಿಯಲು ಇಡೀ ದಿನ ಹಿಡಿಯಿತು. ನಮ್ಮವರಿಗೆ ನಾಳೆ ತುರ್ವಿಹಾಳದಲ್ಲಿ ಇನ್ನೊಂದು ಮದುವೆ, ಕ್ಯಾಮೆರಾದ ಕಾರ್ಡು ಖಾಲಿ ಬೇಕು ಎಂದು ಕಾರ್ಡು ಅಳಿಸಿಕೊಂಡು ಹೋದರು. ಈಗ ಹಂಪಣ್ಣನ ಮಗಳ ಮದುವೆ ಇರುವುದು ಇದೊಂದರಲ್ಲೇ. ಇದೊಂದರಲ್ಲೇ! ಡಿ ಯಲ್ಲಿದ್ದುದನ್ನು ಇ ಯಲ್ಲೂ ಒಂದು ಇಡೋಣವೆಂದು ಹಳೆಯವನ್ನು ಅತ್ತಿತ್ತ ಸರಿಸಿದೆ. ಈಗೀಗ ಸೋಮವಾರ, ಗುರುವಾರ ಅಂತಿಲ್ಲ. ದಿನಾ ತಿರುವುತ್ತಿದ್ದೇನೆ. ತಿರುವಿದ ದಿನ ಊಟ ಸೇರುತ್ತದೆ.

ಮಾರ್ಚ್ 20

ಹೋಯಿತು.

ಬೆಳಗ್ಗೆ ಒತ್ತಿದರೆ ಬೆಳಕು ಬಂತು, ಚುಕ್ಕಿಗಳು ಸುತ್ತಿದವು, ಸುತ್ತುತ್ತಲೇ ಇದ್ದವು. ಅಷ್ಟೇ. ನಮ್ಮವರಿಗೆ ಹೇಳಲು ತುರ್ವಿಹಾಳದಿಂದ ಬರುವವರೆಗೆ ಕಾಯಬೇಕಾಯಿತು. ಕ್ಯಾಮೆರಾ ಚೀಲ ಇಳಿಸುವ ಮೊದಲೇ ಹೇಳಿದೆ.

"ಏನ್ ಮಾಡೀದಿ ಇದಕ್ಕ?"

"ನಾ ಏನ್ ಮಾಡ್ಲಿ ರೀ? ಆಕಿ ಬದಲಿಸ್ಯಾಳ ಅಂತ ಆನಂದಕುಮಾರ ಅವತ್ತ ಹೇಳಿಲ್ಲೇನು?"

"ಹಂಪಣ್ಣ ನನ್ನ ತೊಗಲು ಸುಲೀತಾನ ದಾನೀ."

ಅತ್ತೆ ಒಲೆ ಮುಂದಿನಿಂದಲೇ ಕೂಗಿದರು. "ನಾ ಬಡಕೊಂಡೆ. ರೊಟ್ಟಿ ಹಂಚು ಕಾದೈತಿ, ಬಾ ಅನ್ನು ಆಕೀನ್ನ."

ಆ ಹಂಚು ಎಂಬ ಮಾತಿಗೆ ನನಗೇನಾಯಿತೋ. ಫೋನು ತೆಗೆದುಕೊಂಡು ಮಾಳಿಗೆಗೆ ಹೋಗಿ ವಿಡಿಯೋದವರ ಗುಂಪಿಗೆ ಮಾತಾಡಿ ಹಾಕಿದೆ. "ಎಲ್ಲಾ ಅಣ್ಣಾರಿಗೆ ಶರಣು. ಲಿಂಗಸೂಗೂರಿನ ವಸೀಮಾ ನಮ್ಮ ಎಸ್‌ಎಸ್‌ಡಿ ಬದಲಿಸಿ ಹಳೇದು ಹಾಕ್ಯಾಳ. ಈಗ ಸತ್ತೈತಿ. ಮಂದಿ ಮದುವಿ ಅದರಾಗ ಕುಂತೈತಿ. ನೀವರ ಹುಷಾರ್ ಇರ್ರಿ." ಧ್ವನಿ ನಡುಗಿತ್ತು. ಕೇಳಿದವರಿಗೆ ಅಳುತ್ತಿದ್ದಾಳೆ ಅನ್ನಿಸಿರಬಹುದು. ಅನ್ನಿಸಲಿ.

ಮಾರ್ಚ್ 22

ಗುಂಪಿನಲ್ಲಿ ಮೊದಲು ಒಬ್ಬ ತನ್ನ ಲ್ಯಾಪ್‌ಟಾಪೂ ಆಕೆಯ ಹತ್ತಿರ ರಿಪೇರಿ ಮಾಡಿಸಿದಾಗಿನಿಂದ ಬಿಸಿಯಾಗುತ್ತದೆ ಅಂದ. ಇನ್ನೊಬ್ಬನಿಗೆ ಕೀಲಿಮಣೆಯ ಅನುಮಾನ. ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪಿನ ಫೋಟೋದವನೊಬ್ಬ ಮಾತ್ರ "ಖಾತ್ರಿ ಮಾಡ್ಕೊಂಡು ಮಾತಾಡ್ರಿ ಅಕ್ಕಾ, ನಂದು ನಾಲ್ಕು ವರ್ಷದಿಂದ ಚೊಲೋ ಐತಿ" ಅಂದ. ಅವನ ಮೇಲೆ ಎಲ್ಲರೂ ಮುಗಿಬಿದ್ದರು. ಆಮೇಲೆ ಯಾರೋ, ನನಗೆ ಗೊತ್ತಿಲ್ಲದ ನಂಬರು, "ಅವರ ಮಂದಿ ಕಡೆ ಕೊಟ್ರ ಹಿಂಗ ಆಗೂದು, ಇನ್ನರ ಬುದ್ಧಿ ಕಲೀರಿ" ಎಂದು ಹಾಕಿದ. ಅದಕ್ಕೆ ಹೆಬ್ಬೆರಳುಗಳು ಬಿದ್ದವು. ಆನಂದಕುಮಾರನದೂ.

ನಾನು ಹಾಗೆ ಹೇಳಿಲ್ಲ. ನಾನು ಡ್ರೈವಿನ ಮಾತು ಆಡಿದ್ದು. ಮುದಗಲ್ಲಿನಲ್ಲಿ ನಾವು ಬೆಳೆದದ್ದೇ ಖಾಸಿಂಬೀ ಮನೆಯ ಅಂಗಳದಲ್ಲಿ. ಮೊಹರಂ ಬಂದರೆ ನಮ್ಮಪ್ಪ ಅಲಾಯಿ ದೇವರ ಮುಂದೆ ಸಕ್ಕರೆ ಓದಿಸಿಕೊಂಡು ಬರುತ್ತಿದ್ದ. ಆದರೆ ಈಗ ನಾನು ಬಾಯಿ ಬಿಟ್ಟರೆ ನನ್ನ ಮಾತೇ ಹಗುರಾಗುತ್ತದೆ. ಫೋನನ್ನು ಬೋರಲು ಹಾಕಿ ಇಟ್ಟೆ.

ಅತ್ತೆ ಎರಡು ದಿನದಿಂದ ನನ್ನನ್ನು ಒಲೆಗೆ ಕರೆದಿಲ್ಲ. ಓಣಿಯವರ ಮುಂದೆ "ನಮ್ಮ ದಾನೀಗೆ ಮೋಸ ಆತು" ಅನ್ನುತ್ತಿದ್ದಾರೆ. ನಮ್ಮ ದಾನಿ!

ಮಾರ್ಚ್ 24, ಸೋಮವಾರ

ಲಿಂಗಸೂಗೂರಿಗೆ ಹೋಗಿ ಬಂದೆವು. ನಮ್ಮವರು ಬಸ್ಸಿನಲ್ಲಿ ಬೈಗುಳಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು.

ಅಂಗಡಿಯ ಮುಂಭಾಗದಲ್ಲಿ ಶಾಮೀದಸಾಬ ಕೂತು ಮಿಕ್ಸರು, ಫ್ಯಾನು ರಿಪೇರಿ ಮಾಡುತ್ತಾನೆ. ಹಿಂದಿನ ಭಾಗ ಮಗಳದು. ನಾವು ಹೊಸ್ತಿಲು ದಾಟುವುದರೊಳಗೆ ಆಕೆ ಫೋನನ್ನು ನಮ್ಮ ಮುಂದೆ ಹಿಡಿದಳು. ನನ್ನದೇ ಧ್ವನಿ. "ಮಂದಿ ಮದುವಿ ಅದರಾಗ ಕುಂತೈತಿ."

"ಛಂದ ಮಾತಾಡೀರಿ ಅಕ್ಕಾ. ರೇಡಿಯೋದಾಗ ಹೋಗಬೇಕಿತ್ತು ನೀವು."

ನಮ್ಮವರು ಮೇಜು ಗುದ್ದಿದರು. "ಡ್ರೈವ್ ಬದಲ್ಸಿ ಮತ್ತ ನಗತಿಯೇನು?"

ಆಕೆ ಉತ್ತರಿಸದೆ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿದಳು. ಡ್ರೈವಿನ ಸ್ಕ್ರೂ ಮೇಲೆ ಉಗುರುಬಣ್ಣದ ಒಂದು ತೊಟ್ಟು ಇತ್ತು, ಗುಲಾಬಿ, ಧೂಳು ಹಿಡಿದು ಮಾಸಿದ್ದು. ತಾನು ಹಾಕಿದ ಪ್ರತಿ ಡ್ರೈವಿಗೂ ಹಾಗೆ ಹಚ್ಚುತ್ತಾಳಂತೆ. ಸ್ಕ್ರೂ ತಿರುಗಿದರೆ ಬಣ್ಣ ಒಡೆಯಬೇಕು. ಒಡೆದಿರಲಿಲ್ಲ. "ಮೂರು ವರ್ಷದ ಹಿಂದ ಹಚ್ಚಿದ್ದು. ದೀಪಾವಳ್ಯಾಗ ಫ್ಯಾನ್ ಅಷ್ಟ ತಗದೀನಿ, ಇದನ್ನ ಮುಟ್ಟಿಲ್ಲ."

"ಬಣ್ಣ ಏನ್, ಯಾವಾಗ ಬೇಕಾದ್ರ ಹಚ್ಚಬಹುದು" ಅಂದರು ನಮ್ಮವರು. ಅಷ್ಟರಲ್ಲಿ ಹಂಪಣ್ಣನ ಫೋನು ಬಂತು. ಅವರು ಅದನ್ನು ಹಿಡಿದು ಹೊರಗೆ ಹೋದರು.

ಆಕೆ ಡ್ರೈವ್ ಕಿತ್ತು ತನ್ನ ಮಷಿನ್ನಿಗೆ ಜೋಡಿಸಿದಳು. ಮದುವೆಗಳು ಒಂದೊಂದಾಗಿ ಕಂಡವು. ಹಂಪಣ್ಣನ ಮಗಳೂ ಇದ್ದಳು. ಸ್ಟೂಲು ಎಳೆದುಕೊಂಡು ಕೂತೆ.

"ಸತ್ತಿಲ್ಲ ಇದು. ಓದಾಕ ಕೊಡತೈತಿ, ಹೊಸಾದು ಒಂದಕ್ಷರ ಬರಸ್ಗೊಳ್ಳಂಗಿಲ್ಲ. ಸವದೈತಿ. ನೋಡ್ರಿ ಇಲ್ಲಿ." ಪರದೆಯ ಮೇಲೆ ಕೆಂಪಗೆ ಏನೋ ಇತ್ತು. "ಇದರ ಮ್ಯಾಲ ಎಷ್ಟು ಬರದೀರಿ ಅಂತ ಇದ ಹೇಳತೈತಿ. ಮಿಕ್ಸಿಂಗ್ ಮಾಡವ್ರು ಇಷ್ಟು ಬರಿಯಾಕ ಇಪ್ಪತ್ತು ವರ್ಷ ಬೇಕು. ಏನ್ ಮಾಡ್ತೀರಿ ಅಕ್ಕಾ ದಿನಾ ಇದರಾಗ?"

ನಾನು ಸಿಟ್ಟಿನಲ್ಲೇ ಹೇಳಿದೆ. "ನೀನ ಹೇಳಿದ್ದಿಯಲ್ಲ, ಇಟ್ರ ಮರೀತೈತಿ ಅಂತ? ಅದಕ್ಕ ಬಿಸಲಿಗೆ ಹಾಕತೀನಿ. ಡಿ ಯಿಂದ ಇ ಗೆ, ಇ ಯಿಂದ ಡಿ ಗೆ."

ಆಕೆ ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬಿಸಲಿಗೆ? ಯಾ ಅಲ್ಲಾ! ಇದೇನು ಸಂಡಿಗೇನ್ರಿ ಅಕ್ಕಾ? ನಾ ಚಾಲೂ ಮಾಡ್ರಿ ಅಂದೆ, ಅಷ್ಟ. ದಿನಾ ಮನಿ ಬದಲಾಸ್ರಿ ಅಂದೆನೇನು? ಡಿ, ಇ ಎರಡೂ ಇದ ಚೂರಿನ್ಯಾಗ ಅದಾವ. ಒಂದ ಮನಿಯಾಗ ಎರಡು ಖೋಲಿ. ಈ ಖೋಲಿ ಸಾಮಾನು ಆ ಖೋಲಿಗೆ ಎಳದು ಎಳದು ನೆಲಾ ಕಿತ್ತು ಹೋಗೈತಿ. ಮನೀಗೆ ಬೆಂಕಿ ಬಿದ್ರ ಎರಡೂ ಖೋಲಿ ಸುಡ್ತಾವ."

ಅಂಗಡಿಯ ಮುಂದೆ ಶಾಮೀದಸಾಬ ಕೆಮ್ಮಿದ, ಬಸ್ಸು ಹಾರ್ನ್ ಹೊಡೆಯಿತು. ಮೂರು ವರ್ಷದ ಸೋಮವಾರಗಳು. ಆಮೇಲೆ ಗುರುವಾರಗಳು. ಆಮೇಲೆ ದಿನಾ. ನಿಧಾನವಾದಷ್ಟೂ ತಿರುವಿದ್ದೆ, ತಿರುವಿದಷ್ಟೂ ನಿಧಾನವಾಗಿತ್ತು.

ಆಕೆ ಎಲ್ಲವನ್ನೂ ಹೊರಗಿನ ಒಂದು ಡಿಸ್ಕಿಗೆ ಇಳಿಸಲು ಹಚ್ಚಿದಳು. ಹೊತ್ತು ಹಿಡಿಯುತ್ತದೆ ಅಂದಳು. ಇಳಿಯುವವರೆಗೆ ಸುಮ್ಮನಿರಲಾರದೆ ಒಂದೊಂದೇ ಹೇಳಿದಳು, ನಾನು ಕೇಳದಿದ್ದರೂ. ಇಂಥದನ್ನು ಎಂದೂ ಬಾಯಿಮಟ್ಟ ತುಂಬಬಾರದು, ನಾಲ್ಕನೆಯ ಒಂದು ಪಾಲು ಖಾಲಿ ಇರಬೇಕು, ಆ ಖಾಲಿ ಜಾಗದಲ್ಲೇ ಅದು ಉಸಿರಾಡುವುದು. ಸುಮ್ಮಸುಮ್ಮನೆ ಬರೆದು ಅಳಿಸಬಾರದು. ತಿಂಗಳುಗಟ್ಟಲೆ ಬಿಸಿ ಕೋಣೆಯಲ್ಲಿ ಕರೆಂಟ್ ಇಲ್ಲದೆ ಇಡಬಾರದು, ಆಗಾಗ ಹಚ್ಚಿ ಇಟ್ಟರೆ ಸಾಕು.

"ಅಕ್ಕಾ, ನಾ ನಿಮ್ಮ ಮನ್ಯಾಗಿನವ್ರಿಗೆ ಹೇಳಂಗಿಲ್ಲ. ನಾ ಹೇಳಿದ್ರ ಉಳಕೊಳ್ಳಾಕ ಹೇಳಾಕತ್ತಾಳ ಅಂತಾರ. ನೀವ ಹೇಳ್ರಿ. ಗ್ರೂಪಿನ್ಯಾಗ ಹಾಕ್ದವ್ರು ನೀವು, ತಗ್ಯಾವ್ರೂ ನೀವ. ಎರಡು ದಿನದಿಂದ ಒಬ್ಬರೂ ಈ ಹೊಸ್ತಿಲ ತುಳದಿಲ್ಲ."

"ಹೇಳತೀನಿ" ಅಂದು ಆ ಡಿಸ್ಕು ತೆಗೆದುಕೊಂಡೆ. ಹೇಳುತ್ತೇನೆ ಅಂದದ್ದು ನಿಜ.

ನಗಬಾರದಿತ್ತು ಆಕೆ. ಸಂಡಿಗೆ ಅಂದಳು.

ಮಾರ್ಚ್ 25

ಹೇಳಲಿಲ್ಲ. ತಲೆ ನೋವು.

ಮಾರ್ಚ್ 31

ನಿನ್ನೆ ಯುಗಾದಿ. ಬೇವು ಹಾಕಿದ ಪಾಯಸ ಕುಡಿದೆವು. ಅತ್ತೆ ನನಗೆ ಹೊಸ ಸೀರೆ ಕೊಡಿಸಿದ್ದಾರೆ, ಹಸಿರು, ಅಂಚು ಚೆನ್ನಾಗಿದೆ. ಅದನ್ನು ಉಡಿಸಿಕೊಂಡು ಮಲ್ಲಯ್ಯನ ಗುಡಿಗೆ ಕರೆದುಕೊಂಡು ಹೋದರು. ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ, "ಇಷ್ಟ್ ದಿನ ಪಾಪ ಈಕೀನ ಕೆಡಿಸ್ಯಾಳ ಅಂದ್ಕಂಡಿದ್ದೆ" ಎಂದು ಹೇಳಿದರು.

ಹೀಗಿರುವಾಗ ಎಲ್ಲಿಂದ ಹೇಳುವುದು? ಮೊದಲ ದಿನವೇ ಆಕೆ ಮರ್ಯಾದೆಯಿಂದ ಮಾತಾಡಿದ್ದರೆ ನಾನು ಅಲ್ಲಿಯೇ, ನಮ್ಮವರ ಮುಂದೆಯೇ ಹೇಳುತ್ತಿದ್ದೆನೇನೋ. ಅದೂ ಅಲ್ಲದೆ, ಮರೆಯುತ್ತದೆ ಎಂದು ಹೆದರಿಸಿದವಳು ಆಕೆಯೇ. ಅರ್ಧ ಹೇಳಿ ಅರ್ಧ ಬಿಟ್ಟರೆ ಕೇಳಿದವರು ಏನು ಮಾಡಬೇಕು? ಹಾಗೆ ನೋಡಿದರೆ ತಪ್ಪು ಪೂರ್ತಿ ನನ್ನದಲ್ಲ. ಹೆಚ್ಚುಪಾಲು ಆಕೆಯದೇ.

ಆಕೆಯ ಎರಡು ಫೋನು ಬಂದವು. ಎತ್ತಲಿಲ್ಲ.

ಏಪ್ರಿಲ್ 8

ಸಿಂಧನೂರಿನ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಆನಂದಕುಮಾರ ಎಲ್ಲರನ್ನೂ ಕರೆದಿದ್ದ. ವಸೀಮಾಳನ್ನೂ ಆಕೆಯ ಅಪ್ಪನನ್ನೂ ಕರೆಸಿ ಇತ್ಯರ್ಥ ಮಾಡುವುದೆಂದು. ಎಂಟ್ಹತ್ತು ಮಂದಿ ಗಂಡಸರು, ನಾನೊಬ್ಬಳೇ ಹೆಂಗಸು. ಮೂಲೆಯ ಕುರ್ಚಿ ನನಗೆ ಕೊಟ್ಟರು.

ಶಾಮೀದಸಾಬ ಒಬ್ಬನೇ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಮದುವೆಗೆ ಬಂದವನಂತೆ.

"ಎಲ್ಲಿ ನಿನ್ನ ಮಗಳು?" ಆನಂದಕುಮಾರ ಕೇಳಿದ.

"ಬರಂಗಿಲ್ಲ ಅಂದ್ಳ್ರಿ. ತಪ್ಪು ಮಾಡಿಲ್ಲ, ಯಾಕ ಬರಬೇಕು ಅಂತಾಳ."

"ಸೊಕ್ಕ್ ನೋಡು!" ಯಾರೋ ಅಂದರು. ಎಲ್ಲರೂ ನಕ್ಕರು.

ಶಾಮೀದಸಾಬ ಜೇಬಿನಿಂದ ಒಂದು ಡಬ್ಬಿ ತೆಗೆದು ಚಹದ ಲೋಟಗಳ ನಡುವೆ ಇಟ್ಟ. ಹೊಸ ಎಸ್‌ಎಸ್‌ಡಿ, ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲದ್ದು. "ನನ್ನ ಮಗಳು ಬದಲಿಸಿಲ್ಲ. ಆದ್ರ ಜಗಳಾಡಾಕ ನನಗ ಶಕ್ತಿ ಇಲ್ರಪಾ. ಇದನ್ನ ತಗೊಂಡು ಆ ಮೆಸೇಜ್ ತಗದ್ ಬಿಡ್ರಿ. ಗಿರಾಕಿ ನಿಂತು ಹೋಗ್ಯಾರ." ಆಮೇಲೆ ಅವರನ್ನೆಲ್ಲ ಬಿಟ್ಟು ನನ್ನ ಕಡೆ ತಿರುಗಿದ. "ಯವ್ವಾ, ಅವತ್ತು ನೀ ಹಿಂದ ಕುಂತಿದ್ದಿ. ನನ್ನ ಮಗಳು ನಿನಗ ಎಲ್ಲಾ ತೋರ್ಸ್ಯಾಳ ಅಂತ. ನೀನ ಒಂದು ಮಾತು ಹೇಳು. ಬದಲಿಸ್ಯಾಳೇನು?"

ಎಲ್ಲರೂ ನನ್ನನ್ನು ನೋಡಿದರು. ನಮ್ಮವರೂ ನೋಡಿದರು. ಹೋಟೆಲಿನ ಒಲೆಯ ಮೇಲೆ ಎಣ್ಣೆ ಕಾದ ವಾಸನೆ ಬಂತು, ಹಂಚಿನದೇ ವಾಸನೆ ಅನ್ನಿಸಿತು.

"ನನಗೇನ್ ಗೊತ್ತಾಗತೈತಿ ಕಾಕಾ" ಅಂದೆ. "ನಾ ಓದಿದಾಕಿ ಅಲ್ಲ."

"ಹೌದವಾ" ಅಂದ. ಡಬ್ಬಿಯನ್ನು ತಾನೇ ಎತ್ತಿ ನನ್ನ ಕೈಯಲ್ಲಿಟ್ಟ. ಚಹ ಕುಡಿಯದೆ ಹೋದ.

ಬಸ್ಸಿನಲ್ಲಿ ನಮ್ಮವರು ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟರು.

ಮೆಸೇಜು ತೆಗೆಯಲು ಹೋದೆ. ಹಳೆಯದಾಗಿದೆ, ಎಲ್ಲರಿಂದ ಅಳಿಸಲು ಬರುವುದಿಲ್ಲ ಎಂದು ಫೋನು ಹೇಳಿತು. ಅದಕ್ಕೆ ನಾನೇನು ಮಾಡಲಿ.

ಏಪ್ರಿಲ್ 21

ಹೊಸದು ಒಳ್ಳೆ ಓಡುತ್ತದೆ. ಒತ್ತುವುದರೊಳಗೆ ತೆರೆಯುತ್ತದೆ. ಹಂಪಣ್ಣನ ಮಗಳ ಮದುವೆ ಕೊಟ್ಟೆವು. ಸೌಟು ಎಸೆದದ್ದನ್ನು ಹಾಕಿದ್ದೆ, ನಿಧಾನ ಮಾಡಿ, ಹಾಡು ಸೇರಿಸಿ. ನಮ್ಮವರು ಬೇಡ ಬೇಡ ಅಂದರು. ಮೊದಲಾಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಹಂಪಣ್ಣ ನೋಡಿ ಬಿದ್ದು ಬಿದ್ದು ನಕ್ಕನಂತೆ. ತಮ್ಮನ ಮಗನ ಮದುವೆಯೂ ನಮಗೇ.

ಇವತ್ತು ಸೋಮವಾರ. ಏನನ್ನೂ ತಿರುವಲಿಲ್ಲ. ನಾಲ್ಕನೆಯ ಪಾಲು ಖಾಲಿ ಬಿಟ್ಟಿದ್ದೇನೆ.

"ಇವತ್ತ ಬಿಸಲಿಗೆ ಹಾಕಲಿಲ್ಲೇನು?" ಅಂದರು ನಮ್ಮವರು.

"ಹೊಸಾದಕ್ಕ ಬೇಕಾಗಿಲ್ಲ" ಅಂದೆ. 

ಅವರು ಇನ್ನೇನೂ ಕೇಳಲಿಲ್ಲ. ಕೇಳಿದ್ದರೂ ನನ್ನ ಹತ್ತಿರ ಉತ್ತರವಿತ್ತು. ಈಗೀಗ ಎಲ್ಲದಕ್ಕೂ ಇರುತ್ತದೆ.

ಮೇ 14

ಗುಂಪಿನಲ್ಲಿ ಒಬ್ಬನ ಎಸ್‌ಎಸ್‌ಡಿ ನಿಧಾನವಾಯಿತು. ಎಲ್ಲರೂ ಒಂದೊಂದು ಹೇಳಿದರು. ಆನಂದಕುಮಾರ ಹೊಸದು ತಗೊಳ್ಳಿ, ನನ್ನ ಹತ್ತಿರವೇ ಸಿಗುತ್ತದೆ ಅಂದ. ಅವನ ಸೆಂಟಿನ ವಾಸನೆ ನೆನಪಾಗಿ ಸಿಟ್ಟು ಬಂತು. ನಾನು ಮಾತಾಡಿ ಹಾಕಿದೆ. "ಅಣ್ಣಾ, ಬಾಯಿಮಟ್ಟ ತುಂಬಬ್ಯಾಡ್ರಿ. ನಾಕನೇ ಪಾಲು ಖಾಲಿ ಇಡ್ರಿ, ಆ ಖಾಲಿ ಜಾಗಾದಾಗ ಅದು ಉಸಿರಾಡತೈತಿ. ಸುಮ್ಮಸುಮ್ಮನ ಬರದು ಅಳಿಸಬ್ಯಾಡ್ರಿ. ತಿಂಗಳಾನಗಟ್ಲೆ ಬಿಸಿ ಖೋಲ್ಯಾಗ ಕರೆಂಟ್ ಇಲ್ದ ಇಡಬ್ಯಾಡ್ರಿ." ಧ್ವನಿ ಒಂದಿಷ್ಟೂ ನಡುಗಲಿಲ್ಲ.

ಅವನು ಅರ್ಧ ಫೈಲು ತೆಗೆದು ನೋಡಿದ, ಸರಿಹೋಯಿತಂತೆ. ಮಧ್ಯಾಹ್ನದಿಂದ ಫೋನಿಗೆ ಬಿಡುವಿಲ್ಲ. ಅಕ್ಕಾ ನನ್ನದು ಹಿಂಗಾಗೈತಿ, ಅಕ್ಕಾ ನನ್ನದು ಹಂಗಾಗೈತಿ. ಒಬ್ಬ ಕೇಳಿದ, "ಎಲ್ಲಿ ಕಲತ್ರಿ ಅಕ್ಕಾ ಇದನ್ನೆಲ್ಲ?"

"ಯಾರ ಕಡೆನೂ ಇಲ್ಲ. ಮಾಡಿ ಮಾಡಿ ಕಲತೀನಿ" ಅಂದೆ. ಸುಳ್ಳೇನೂ ಅಲ್ಲ. ಮಾಡಿ ಮಾಡಿಯೇ ತಾನೇ.

ಲಿಂಗಸೂಗೂರಿನ ಅಂಗಡಿಯ ಹಿಂದಿನ ಭಾಗ ಮುಚ್ಚಿದೆಯಂತೆ. ಬಾಡಿಗೆಯ ತಕರಾರೂ ಇರಬಹುದು. ಯಾರಿಗೆ ಗೊತ್ತು.

ಜೂನ್ 10

ಅವ್ವನಿಗೆ ಮೈಯಲ್ಲಿ ಹುಷಾರಿಲ್ಲವೆಂದು ಮುದಗಲ್ಲಿಗೆ ಹೊರಟಿದ್ದೆ. ಲಿಂಗಸೂಗೂರಿನಲ್ಲಿ ಬಸ್ಸು ಬದಲಿಸಿ ಕೂತೆ. ಹೊರಡುವ ಹೊತ್ತಿಗೆ ವಸೀಮಾ ಹತ್ತಿದಳು. ನನ್ನ ಪಕ್ಕದ ಸೀಟೊಂದೇ ಖಾಲಿ ಇತ್ತು. ಆಕೆ ಕಂಬ ಹಿಡಿದು ನಿಂತಳು.

ನಾನು ಎಲ್ಲ ತಯಾರು ಮಾಡಿಕೊಂಡೆ. ಯಾಕೆ ಹೇಳಲಿಲ್ಲ ಅಂದರೆ, ನೀನ್ಯಾಕೆ ನಕ್ಕಿ ಅನ್ನಬೇಕು. ಅಂಗಡಿ ಮುಚ್ಚಿಸಿದಿ ಅಂದರೆ, ಮುಚ್ಚಿಸಿದವನು ಆನಂದಕುಮಾರ, ಅವನನ್ನು ಕೇಳು ಅನ್ನಬೇಕು. ನಿನ್ನ ಅಪ್ಪ ತಾನಾಗಿ ಕೊಟ್ಟ, ನಾನು ಕೈ ಚಾಚಲಿಲ್ಲ ಅನ್ನಬೇಕು. ಜನರ ಮುಂದೆ ಧ್ವನಿ ಎತ್ತಿದರೆ ನಾನೂ ಎತ್ತುತ್ತೇನೆ. ಊರು ದಾಟುವುದರೊಳಗೆ ನನ್ನ ಹತ್ತಿರ ಆಕೆಯ ಪ್ರತಿ ಮಾತಿಗೂ ಎರಡೆರಡು ಉತ್ತರಗಳಿದ್ದವು.

ಅರ್ಧ ದಾರಿಯಲ್ಲಿ ಆಕೆಯೇ ಬಾಗಿದಳು.

"ಅಕ್ಕಾ, ನೀವು ಗ್ರೂಪಿನ್ಯಾಗ ಹೇಳಿದ್ದು ಕೇಳ್ದೆ. ನಾ ಈಗ ಮುದಗಲ್‌ದಾಗ ಬ್ಯಾರೆಯವ್ರ ಅಂಗಡ್ಯಾಗ ಕೆಲಸಕ್ಕ ಹೋಗತೀನಿ, ಅಲ್ಲಿ ಮಂದಿ ಹಚ್ಚಿ ಕೇಳಾಕತ್ತಿದ್ರು."

ನಾನು ಕಿಟಕಿಯ ಸಲಾಕೆ ಗಟ್ಟಿಯಾಗಿ ಹಿಡಿದುಕೊಂಡೆ. ಬರಲಿ.

"ಒಂದು ಬಿಟ್ಟೀರಿ. ಎಷ್ಟ್ ಜ್ವಾಪಾನ ಮಾಡಿದ್ರೂ ಒಂದಿನ ಹೋಗತೈತಿ ಅದು. ಅದಕ್ಕ ಎರಡನೇ ಕಾಪಿ ಬ್ಯಾರೆ ಡಿಸ್ಕಿನ್ಯಾಗ ಇರಬೇಕು, ಆ ಡಿಸ್ಕ್ ಬ್ಯಾರೆ ಜಾಗಾದಾಗ ಇರಬೇಕು. ಅದನ್ನ ಹೇಳಿಲ್ಲ ನೀವು. ಅದನ್ನೂ ಹೇಳ್ರಿ. ನೀವು ಹೇಳಿದ್ರ ಕೇಳತಾರ. ಮಂದಿ ಮದುವಿ ಹಾಳಾಗಬಾರ್ದು."

ತುಟಿಯ ಮೂಲೆಯಲ್ಲಿ ನಗು ಇದೆಯೋ ಎಂದು ನೋಡಿದೆ. ಇರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಹಿಂದೆ ಸೀಟು ಖಾಲಿಯಾಯಿತು. ಹೋಗಿ ಕೂತಳು. ಮುದಗಲ್ಲು ಬರುವವರೆಗೆ ನಾನು ಹಿಂದೆ ತಿರುಗಲಿಲ್ಲ.

ಎಂಥ ಸೊಕ್ಕು! ಈಗಲೂ ನನಗೆ ಕಲಿಸುವುದೇ.

ಅವ್ವನ ಮನೆ ಮುಟ್ಟಿ ಕೈಕಾಲು ತೊಳೆಯುವ ಮೊದಲೇ ಅದನ್ನು ಗುಂಪಿನಲ್ಲಿ ಹಾಕಿದೆ. ಎರಡನೇ ಕಾಪಿ ಬೇರೆ ಡಿಸ್ಕಿನಲ್ಲಿ, ಬೇರೆ ಜಾಗದಲ್ಲಿ. ಕೈ ಮುಗಿದ ಚಿತ್ರಗಳು ಒಂದರ ಮೇಲೊಂದು ಬರುತ್ತಲೇ ಇವೆ. ಶರಣು ಅಕ್ಕಾ, ಶರಣು ಅಕ್ಕಾ. ಒಂದಕ್ಕೂ ಏನು ಬರೆಯಬೇಕೋ ತೋಚಲಿಲ್ಲ. ಆಕೆಯ ಬೈಗುಳಕ್ಕೆ ಮಾತ್ರ ತಯಾರಿದ್ದೆ.